ಎಡಗೈಗೆ

ಏಳ, ಎಡಗೈಯ, ಏಳ.
ಹಾಲಿನಾಂವ ಬಂದು ಹ್ವಾದ,
ಎಂಟು ದಿನದ ಮ್ಯಾಲ ನಳ ಬಂದು ಅದೂ ಹೋತು,
ಬಾಜೂ ಮನಿ ಮಗ್ಗ ಆಗಲೇ ಖಟ್ ಖಟ್ ಹಚ್ಚೇತಿ,
ನೀ ಇನ್ನೂ ತಲಿಗಿಂಬಿನ ಮ್ಯಾಲ
ಮದಲಗಿತ್ತಿ ಹಂಗ ಒರಗೀದಿ.

ಐವತ್ತೆರಡು ವರ್ಷ ನಿನ್ನ ಯಾರೂ ಕೇಳಿದ್ದಿಲ್ಲ.
ಪ್ರಸಾದಕ್ಕ ಬಲಗೈ, ಕೊಟ್ಟು ತೊಗೊಳ್ಳಾಕ ಬಲಗೈ,
ಗಂಡನ ಮನಿ ಹೊಸ್ತಲದಾಗ ಸೇರು ಒದ್ದದ್ದೂ ಬಲಗಾಲು.
ನಿನಗ ಉಳದದ್ದು ತೊಳಿಯೂ ಕೆಲಸ,
ಮತ್ತ ಲಾಳಿ ಬಂದು ಬಡಿಯೂ ಆ ದಂಡಿ.

ಈಗ ನೋಡ ನಿನ್ನ ದೌಲತ್ತು!
ನಿನ್ನ ಮ್ಯಾಲ ಬಿ.ಪಿ. ಪಟ್ಟಿ ಕಟ್ಟಂಗಿಲ್ಲ, ಸೂಜಿ ಚುಚ್ಚಂಗಿಲ್ಲ,
ತುಂಬಿದ ಕೊಡ ಎತ್ತಂಗಿಲ್ಲ,
ಸೊಳ್ಳಿ ಕಡದ್ರೂ ಮನಿಮಂದಿ ಓಡಿ ಬರ್ತಾರ.
ಬಳಿಗಾರ ಖಾಸೀಮಸಾಬ ನಿನಗ ಎರಡು-ಎಂಟರ ಬಳಿ ಇಟ್ಟ,
ಬಲಗೈಗೆ ಎರಡು-ನಾಕು.
"ಅಕ್ಕಾ, ಒಂದ ಡಜನ್ನಿನಾಗ ಎರಡು ಅಳತಿ,
ನನ್ನ ಅಂಗಡ್ಯಾಗ ಇದ ಮೊದಲು" ಅಂದ.
ರೊಕ್ಕ ಮಾತ್ರ ಪೂರಾ ಎಣಿಸಿಕೊಂಡ.

ಹುಬ್ಬಳ್ಳಿ ದವಾಖಾನ್ಯಾಗ ಆ ವ್ಯಾಯಾಮದ ಹುಡಿಗಿ, ಎಸ್ತರ್,
ನಿನ್ನ ಮಣಿಕಟ್ಟು ಹಿಡದು ಹೇಳಿದ್ಲು:
"ಗ್ವಾಡಿಗೆ ಮಾರಿ ಮಾಡಿ ನಿಂದರ್ರಿ.
ಎರಡು ಬಟ್ಟು ಊರಿ, ಇರವಿ ಹತ್ತಿದಂಗ ಹತ್ತರ್ರಿ.
ಜಗ್ಗೂ ಮಟ ಹೋಗ್ರಿ, ಹರಿಯೂ ಮಟ ಬ್ಯಾಡ."
ನಾ ಒಳಗ ನಕ್ಕೆ.
ಜಗ್ಗೂದಕ್ಕೂ ಹರಿಯೂದಕ್ಕೂ ನಡುವ ಎಷ್ಟು ಅಂತರ ಅಂತ
ಬೆಟಗೇರಿ ನೇಕಾರ್ತಿಗೆ ಹೇಳಾಕ ಹತ್ಯಾಳ, ಕೂಸು.

ಖರೇ ಹೇಳ್ತೀನಿ, ಮೊದಲ ದಿನ ನನಗ ಗೊತ್ತಾಗಲಿಲ್ಲ.
ಬಗಲಿನಿಂದ ಮೊಣಕೈ ತನಕ
ಯಾರೋ ಹಸಿ ನೂಲು ಹುರಿ ಮಾಡಿ, ಬಿಗದು,
ಗಂಟು ಹಾಕಿ ಮರತು ಹೋದಂಗ.
ನೀ ಭುಜದ ಮಟ್ಟಕ ಬಂದಿ, ನಿಂತಿ.
ಕಣ್ಣೀರು ಬಂದದ್ದು ನನಗ, ನಿನಗೇನು.
ಅಲ್ಲೇ ಸೀಮಿಸುಣ್ಣಲೆ ಒಂದು ಗೆರಿ ಎಳದು ಕುಂತೆ.

ಗೆರಿ ಮ್ಯಾಲ ಗೆರಿ.
ಕೀಮೋ ಆದ ವಾರ ಕೆಳಗಿಳದಿ, ಅದನ್ನೂ ಬರದೀನಿ.
ಸುಳ್ಳು ಬರಿಯಾಕ ಗ್ವಾಡಿ ಏನು ಸೊಸೈಟಿ ಲೆಕ್ಕದ ಬುಕ್ಕೇನು?
ಕರೆಂಟು ಕೊಟ್ಟ ಮ್ಯಾಲ ಎದಿ ಚರ್ಮ
ಹಂಚಿನ ಮ್ಯಾಲ ಮರತ ರೊಟ್ಟಿ ಆತು.
ಆವತ್ತೂ ನಿಂತಿವಿ ನೀನೂ ನಾನೂ ಗ್ವಾಡಿ ಮುಂದ,
ಮಾಸ್ತರ ಕಡೆ ಬೈಸಿಕೊಂಡ ಸಾಲಿ ಹುಡುಗರ ಹಂಗ.
ಗಂಡ ನೋಡಲಾರದ ಹೊರಗ ಹೋಗಿ
ಎಲಿ ಅಡಕಿ ಹಾಕ್ಕೊಂಡು ಬರತಿದ್ದ.
ಬಂದಾಂವ ಗೆರಿ ಎಣಸತಿದ್ದ, ಸುಮ್ಮನ, ಬಾಯಿ ತುಂಬ ಕೆಂಪು.

ಮ್ಯಾಲ ಒಂದು ಮಳಿ ಐತಿ, ಹ್ವಾದ ವರ್ಷದ ಕ್ಯಾಲೆಂಡರಿಂದು.
ಅದಕ್ಕ ಇನ್ನೂ ನಾಕು ಬಟ್ಟು. ಇರಲಿ.

ನಿನ್ನೆ ಹಿಂದಿನ ಓಣಿ ತಾರಾಬಾಯಿ ಬಂದಿದ್ಲು,
ಇಂಥ ಬಿಸಲಾಗ ಸೆರಗು ಎರಡು ಸುತ್ತು ಹೊದ್ದು.
ನೂಲು ಕೇಳಾಕ ಬಂದೆ ಅಂದ್ಲು. ನೂಲು ಕೇಳಲಿಲ್ಲ.
ಚಹಾ ಆರಿ ಕೆನಿಗಟ್ಟಿತು.
ಗ್ವಾಡಿ ನೋಡಿದ್ಲು ಭಾಳ ಹೊತ್ತು,
ಆಮ್ಯಾಲ ಮೆಲ್ಲಗ,
"ಎಲ್ಲಿಂದ ಸುರು ಮಾಡಬೇಕಕ್ಕಾ?"

ಆಕಿದು ಬಲಗೈ.
ನಾ ಬಾಯಿ ತಗಿಯೂಕಿಂತ ಮುಂಚೆ
ನೀನ ಹೋಗಿ ಹಿಡದಿ ಅದನ್ನ,
ಯಾರೂ ಹೇಳಿರಲಿಲ್ಲ ನಿನಗ.
ಸುಣ್ಣ ಮುಗದಿತ್ತು, ಅರಿಷಿಣ ಕಲಿಸಿ ಎಳದ್ವಿ,
ನನ್ನ ಮೊದಲ ಗೆರಿಗಿಂತ ಒಂದು ಗೇಣು ಕೆಳಗ ಆಕಿ ಗೆರಿ,
ಸ್ವಲ್ಪ ಸೊಟ್ಟ.

ಅದಕ್ಕ ಏಳ, ಎಡಗೈಯ.
ಎಂಟಕ್ಕ ಬರ್ತೇನಂದಾಳ.
ಅಷ್ಟರಾಗ ನನ್ನ ತುರಬು ಕಟ್ಟು.
ಹೊಸಾ ಕೂದಲು, ಗೇಣು ಸೈತ ಇಲ್ಲ,
ತುರಬು ಅಂದ್ರ ತುರಬೂ ಅಲ್ಲ.
ಆದ್ರೂ ಹಿಂದಕ್ಕ ಹೋಗು. ಮುಟ್ಟು.
ಹಾಂ.
ಇನ್ನೊಂದಿಷ್ಟು.